ಹಲ್ಲು ಕೆಳಗೆ

ಆ ಗರಗಸದ ಮಿಷನ್ ಮನೆಗೆ ಬಂದದ್ದು ಯಾರೋ ಆಸೆಪಟ್ಟದ್ದರಿಂದಲ್ಲ, ಒಬ್ಬ ಮನುಷ್ಯನಿಗೆ "ಬೇಡ" ಅನ್ನಲು ಬಾರದ್ದರಿಂದ. ವರ್ಗವಾಗಿ ಹೊರಟಿದ್ದ ಸಹೋದ್ಯೋಗಿಯೊಬ್ಬ, ಸಾಮಾನಿನ ಲಾರಿಯಲ್ಲಿ ಜಾಗ ಸಾಲದೆ, "ಇದನ್ನ ನೀವೇ ಇಟ್ಕೊಂಡುಬಿಡಿ" ಅಂದ. ನಮ್ಮ ಗುಮಾಸ್ತ "ಆಗ್ಲಿ" ಅಂದ. ನಡೆದದ್ದು ಇಷ್ಟೇ.

"ಆಗ್ಲಿ" ಎಂಬುದು ಅವನ ಬಾಯಿಂದ ಉಸಿರಿನ ಹಾಗೆ ಹೊರಡುತ್ತಿತ್ತು. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವವರನ್ನು ಲೋಕ ಕಂಡಿದೆ. ಇವನು ಆ ಕರುವಿಗೆ ಹುಲ್ಲು ತರಲು ಹೊರಟೇಬಿಡುವವನು. ಕಚೇರಿಯಲ್ಲೂ ಬೀದಿಯಲ್ಲೂ ಅವನನ್ನು ಆಗ್ಲಪ್ಪ ಅಂತಲೇ ಕರೆಯುತ್ತಿದ್ದರು. ಹಾಗೆ ಕರೆಯಬಹುದಾ ಎಂದು ಯಾರೋ ಮೊದಲು ಅವನನ್ನೇ ಕೇಳಿದ್ದರಂತೆ. ಏನುತ್ತರ ಬಂದಿರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ.

ಆದರೆ ಆ ವಾರ ಅವನು ಅಕ್ಕನಿಗೆ ಹೇಳಿದ "ಆಗ್ಲಿ" ಮಾತ್ರ ಎದೆಯಲ್ಲಿ ಮುಳ್ಳಾಗಿ ಕೂತಿತ್ತು.

ವಿಷಯ ಅಪ್ಪನದು. ಅಪ್ಪ ನಲವತ್ತು ವರ್ಷ ಬಡಗಿ ಕೆಲಸ ಮಾಡಿದವರು. ಅಮ್ಮ ತೀರಿಕೊಂಡು ಎಂಟು ತಿಂಗಳು. ಆ ದಿನದಿಂದ ಅಪ್ಪ ಒಂದು ಮಾತೂ ಆಡಿರಲಿಲ್ಲ. ಡಾಕ್ಟರು ಟಾರ್ಚು ಬಿಟ್ಟು ನೋಡಿ, "ಗಂಟಲು ಗಟ್ಟಿಮುಟ್ಟಾಗಿದೆ, ಮಾತಾಡ್ಬೇಕು ಅನ್ನಿಸಿದಾಗ ಮಾತಾಡ್ತಾರೆ" ಅಂದಿದ್ದರು. ಬುಧವಾರ ಅಕ್ಕ ಫೋನು ಮಾಡಿ ಗುಡುಗಿದಳು.

"ಎಂಟು ತಿಂಗಳಿಂದ ಅಪ್ಪನ್ನ ಮೂಕ ಮಾಡಿ ಕೂರಿಸಿದ್ದೀಯಲ್ಲೋ! ಭಾನುವಾರ ಐದು ಗಂಟೆಗೆ ಬರ್ತೀನಿ. ಅಷ್ಟರಲ್ಲಿ ಒಂದೇ ಒಂದು ಮಾತಾಡಿಸು, ನಿನ್ ಹತ್ರಾನೇ ಇರ್ಲಿ. ಇಲ್ಲಾಂದ್ರೆ ನಾನು ಕರ್ಕೊಂಡು ಹೋಗ್ತೀನಿ."

"ಆಗ್ಲಿ ಅಕ್ಕ" ಅಂದ.

ಫೋನಿಟ್ಟು ಅಪ್ಪನ ಕಡೆ ನೋಡಿದ. ಮಾತಿಲ್ಲದಿದ್ದರೇನು, ಬೆಳಿಗ್ಗೆ ಎದ್ದಾಗ ಬೆತ್ತದ ಕುರ್ಚಿಯಲ್ಲಿ ಅಪ್ಪ ಕೂತಿರುತ್ತಿದ್ದರು. ಆ ಕುರ್ಚಿ ಖಾಲಿಯಾಗುವುದನ್ನು ನೆನೆಸಿಕೊಂಡರೆ ಅವನ ಕಣ್ಣು ಒದ್ದೆಯಾಗುತ್ತಿತ್ತು.

ಆಗ ಹೊಳೆದದ್ದು ಹಿಂದಿನ ಕೋಣೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಮಿಷನ್. ಕಬ್ಬಿಣದ ಒಂದು ಪುಟ್ಟ ಮೇಜು, ಅದರ ಮೇಲೆ ಚಾಚಿದ ಒಂದು ತೋಳು, ನಡುವೆ ದಾರದಷ್ಟು ತೆಳ್ಳಗಿನ ಬ್ಲೇಡು. ಸ್ವಿಚ್ಚು ಹಾಕಿದರೆ ಹೊಲಿಗೆ ಮಿಷನ್ನಿನ ಸೂಜಿಯಂತೆ ಬ್ಲೇಡು ಮೇಲೆ ಕೆಳಗೆ ಓಡುತ್ತದೆ. ಹಲಗೆಯನ್ನು ಹೇಗೆ ತಿರುಗಿಸಿದರೆ ಹಾಗೆ ಬಳ್ಳಿ, ಹೂವು, ಎಲೆ ಎಲ್ಲ ಕತ್ತರಿಸಬಹುದು. ಅಮ್ಮನ ಫೋಟೋಗೆ ಒಂದು ಚೌಕಟ್ಟು ಮಾಡಿ ಅಪ್ಪನ ಮುಂದೆ ಹಿಡಿಯುವುದು. ಚೆನ್ನಾಗಿದೆ ಅಂತಾರೋ, ಥೂ ಅಂತಾರೋ! "ಥೂ" ಕೂಡ ಒಂದು ಮಾತೇ ತಾನೇ?

ಭಾನುವಾರ ಎಂಟು ಗಂಟೆಗೆ ಅಪ್ಪನನ್ನು ಕುರ್ಚಿ ಸಮೇತ ಕೋಣೆಯ ಬಾಗಿಲಲ್ಲಿ ಕೂರಿಸಿದ. ಹಳೆಯ ಕಪಾಟಿನ ಬಾಗಿಲಿನಿಂದ ಬಿಚ್ಚಿದ ತೇಗದ ಹಲಗೆಯ ಮೇಲೆ ಪೆನ್ಸಿಲಿನಲ್ಲಿ ಬಳ್ಳಿ ಬರೆದಿದ್ದ. ಇದ್ದದ್ದು ಅದೊಂದೇ ಹಲಗೆ, ಜೊತೆಗೆ ಆರು ಬ್ಲೇಡು. ಸ್ವಿಚ್ಚು ಹಾಕಿದ.

ಮಿಷನ್ ನಡುಗಿತು. ಅದರ ಜೊತೆ ಅದನ್ನಿಟ್ಟಿದ್ದ ಮರದ ಮೇಜು, ಮೇಜಿನ ಜೊತೆ ಕಿಟಕಿ, ಕಿಟಕಿಯ ಜೊತೆ ಅಡುಗೆಮನೆಯ ಪಾತ್ರೆಗಳೂ ನಡುಗಿದವು. "ರೀ, ಭೂಕಂಪ ಆಗ್ತಿದೆಯಾ?" ಅಂತ ಹೆಂಡತಿ ಓಡಿಬರುವಷ್ಟರಲ್ಲಿ ಬ್ಲೇಡು ಟಣ್ ಅಂತ ತುಂಡಾಯಿತು. ಅಪ್ಪನ ಎಡಹುಬ್ಬು ಒಂದಿಷ್ಟು ಮೇಲೇರಿತು. ಬಾಯಿ ತೆರೆಯಲಿಲ್ಲ.

ಸದ್ದು ಕೇಳಿ ಮೊದಲು ಬಂದವರು ಎದುರು ಮನೆಯ ಟೈಲರಮ್ಮ. ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡೇ ಬಂದಿದ್ದರು.

"ಇದೇನು ಮಹಾ? ಹೊಲಿಗೆ ಮಿಷನ್ನಿನ ಅಣ್ಣ ತಾನೇ ಇದು! ಎಣ್ಣೆ ಬಿಟ್ಟು ಎಷ್ಟು ದಿನ ಆಯ್ತು?"

"ಗೊತ್ತಿಲ್ಲಮ್ಮ."

"ಅದಕ್ಕೇ ಅಳ್ತಾ ಇದೆ. ಬಿಡ್ಲಾ?"

"ಆಗ್ಲಿ."

ಅವರು ಕಂಡ ತೂತಿಗೆಲ್ಲ ಎಣ್ಣೆ ಬಿಟ್ಟರು, ಕಾಣದಲ್ಲಿಗೆ ಅಂದಾಜಿನ ಮೇಲೆ ಬಿಟ್ಟರು. ಬ್ಲೇಡನ್ನು ಕಚ್ಚಿ ಹಿಡಿಯಬೇಕಾದ ಕ್ಲಾಂಪಿನ ಬಾಯಿಗೂ ಎಣ್ಣೆ ಇಳಿಯಿತು. ಎರಡನೆಯ ಬ್ಲೇಡು ಅಲ್ಲಿಂದ ಮೀನಿನ ಹಾಗೆ ಜಾರಿ, ಬಳ್ಳಿಯನ್ನು ಬಿಟ್ಟು ಅಡ್ಡಾದಿಡ್ಡಿ ಓಡಿ, ಹಲಗೆಯ ಒಂದು ಮೂಲೆಯನ್ನೇ ಹಾಳು ಮಾಡಿ ಮಡಚಿಕೊಂಡಿತು. ಆಗ್ಲಪ್ಪ ಆ ಮೂಲೆಯನ್ನು ಕೈಗರಗಸದಿಂದ ಕತ್ತರಿಸಿ ತೆಗೆದು, ಚಿಕ್ಕದಾದ ಹಲಗೆಯ ಮೇಲೆ ಚಿಕ್ಕ ಬಳ್ಳಿ ಬರೆದ.

ಅಷ್ಟರಲ್ಲಿ ಪಕ್ಕದ ಮನೆಯ ಸಂಗೀತದ ಮೇಷ್ಟ್ರು ಕಿವಿ ಮುಚ್ಚಿಕೊಂಡು ಒಳಗೆ ಬಂದರು. ಬಂದವರೇ ಮೂರನೆಯ ಬ್ಲೇಡನ್ನು ಬೆರಳಿನಿಂದ ಮೀಟಿ, ಕಣ್ಣು ಮುಚ್ಚಿ ಕೇಳಿಸಿಕೊಂಡರು.

"ಅಯ್ಯಯ್ಯೋ, ಶ್ರುತಿನೇ ಸೇರಿಲ್ಲ. ಸಡಿಲ, ತುಂಬಾ ಸಡಿಲ. ಇದರಲ್ಲಿ ಕೆಲಸ ಹೇಗೆ ಆಗುತ್ತೆ? ಸ್ವಲ್ಪ ಬಿಗಿ ಮಾಡ್ಲಾ?"

"ಆಗ್ಲಿ ಮೇಷ್ಟ್ರೇ."

ಮೇಷ್ಟ್ರು ಹೇಳಿದ್ದರಲ್ಲಿ ಸತ್ಯವಿತ್ತು. ಬ್ಲೇಡು ಬಿಗಿಯಿರಬೇಕು, ಮೀಟಿದರೆ ತಂತಿಯಂತೆ ನುಡಿಯಬೇಕು. ಆದರೆ ಅವರ ಕಿವಿಗೆ ತೃಪ್ತಿ ಎಂಬುದಿಲ್ಲ. ತಿರುಪನ್ನು ತಿರುವುತ್ತ, ಮೀಟುತ್ತ, "ಇನ್ನೊಂದು ಸ್ವರ, ಇನ್ನೊಂದೇ ಸ್ವರ" ಅನ್ನುತ್ತ ಮೇಲೇರಿದರು. ಟಣ್! ಮೂರನೆಯದು ಹೋಯಿತು. "ಈಗ ಗೊತ್ತಾಯ್ತು ಬಿಡಿ" ಅಂತ ನಾಲ್ಕನೆಯದನ್ನು ಹಾಕಿಸಿದರು. ಅದೂ ಅದೇ ಸ್ವರದಲ್ಲಿ ಪ್ರಾಣ ಬಿಟ್ಟಿತು. ಐದನೆಯದು ಓಡಿತು, ಆದರೆ ನಡುಗುವ ಮೇಜಿನ ಮೇಲೆ ಓಡಿ ಬಳ್ಳಿಯನ್ನು ಗರಗಸದ ಹಲ್ಲಿನಂತೆ ಕತ್ತರಿಸಿ, ಕೊನೆಗೆ ತಾನೂ ಮುರಿಯಿತು.

ಊಟದ ಹೊತ್ತಿಗೆ ಗೋಡೆಗೆ ಹಾಕಬೇಕಿದ್ದ ಚೌಕಟ್ಟು ಮೇಜಿನ ಮೇಲೆ ಇಡುವಷ್ಟಾಗಿತ್ತು. ಮೂರು ಗಂಟೆಗೆ ಅಂಗೈ ಅಗಲಕ್ಕೆ ಇಳಿಯಿತು.

"ಇನ್ನೂ ಸ್ವಲ್ಪ ತಡ ಮಾಡಿ," ಅಂದಳು ಹೆಂಡತಿ, "ಅತ್ತೆಯವರ ಗುರುತಿನ ಚೀಟಿ ಫೋಟೋ ಹುಡುಕಿ ಇಟ್ಟಿರ್ತೀನಿ."

ಅವನು ನಗಲಿಲ್ಲ. ಗಡಿಯಾರ ನೋಡಿದ. ಆಮೇಲೆ ಅಪ್ಪನ ಮುಖ ನೋಡಿದ. ಅಪ್ಪ ತುಟಿ ಬಿಗಿಹಿಡಿದು, ಕುರ್ಚಿಯ ಕೈಗಳನ್ನು ಗಟ್ಟಿಯಾಗಿ ಅಮುಕಿ ಕೂತಿದ್ದರು. ಹುಬ್ಬುಗಳು ಹಣೆಯ ತುದಿ ಮುಟ್ಟಿದ್ದವು.

ನಾಲ್ಕು ಗಂಟೆಗೆ ಮಹಡಿ ಮನೆಯ ನಿವೃತ್ತ ಬಸ್ ಡ್ರೈವರು ಇಳಿದು ಬಂದರು. ದೊಡ್ಡ ದೇಹ, ಎರಡು ಸಾಲೂ ಕಟ್ಟಿಸಿದ ಹಲ್ಲು. ಮಿಷನ್ನಿನ ನಡುಕವನ್ನು ಒಂದೇ ನೋಟದಲ್ಲಿ ಅಳೆದುಬಿಟ್ಟರು.

"ಖಾಲಿ ಬಸ್ಸು ಕುಣಿಯುತ್ತೆ, ತುಂಬಿದ ಬಸ್ಸು ಕುಣಿಯಲ್ಲ. ಭಾರ ಬೇಕು ಇದಕ್ಕೆ. ನಾನು ಕೂತ್ಕೊಳ್ಲಾ?"

ಆಗ್ಲಪ್ಪ ಏನಂದನೆಂದು ಹೇಳುವುದಿಲ್ಲ. ಡ್ರೈವರು ಮೇಜಿನ ತುದಿಯಲ್ಲಿ ಕೂತರು. ಮೇಜು ಕಿರುಗುಟ್ಟಿ ಸುಮ್ಮನಾಯಿತು.

ಉಳಿದದ್ದು ಕೊನೆಯ ಬ್ಲೇಡು. "ಸೂಜಿ ಹಾಕೋದನ್ನ ನನಗ್ಯಾರೂ ಹೇಳ್ಕೊಡ್ಬೇಕಾಗಿಲ್ಲ, ಇಲ್ಲಿ ಕೊಡಿ" ಅಂತ ಟೈಲರಮ್ಮ ಅದನ್ನು ಕಿತ್ತುಕೊಂಡು ತಾವೇ ಹಾಕಿದರು. ಮೇಷ್ಟ್ರು ಮೀಟಿ ತಲೆಯಾಡಿಸಿದರು. ಡ್ರೈವರು "ರೈಟ್!" ಅಂದರು. ಆಗ್ಲಪ್ಪ ಮನಸ್ಸಿನಲ್ಲೇ ಅಮ್ಮನನ್ನು ನೆನೆದು ಸ್ವಿಚ್ಚು ಹಾಕಿ, ಹಲಗೆಯನ್ನು ಮುಂದೆ ತಳ್ಳಿದ.

ಹಲಗೆ ಕತ್ತರಿಸಿಕೊಳ್ಳಲಿಲ್ಲ, ಕುಣಿಯಿತು. ಬ್ಲೇಡು ಮೇಲೆ ಹೋದಾಗ ಮೇಲೆ, ಕೆಳಗೆ ಬಂದಾಗ ಪಟಾರ್ ಅಂತ ಮೇಜಿನ ಮೇಲೆ. ಎಣ್ಣೆ ನಾಲ್ಕೂ ಕಡೆ ಸಿಡಿಯಿತು. ಟೈಲರಮ್ಮ ಕಿರುಚಿದರು, ಮೇಷ್ಟ್ರು ತಾಳ ತಪ್ಪಿತು ಅಂದರು, ಡ್ರೈವರು ಬ್ರೇಕ್ ಹಾಕಿ ಬ್ರೇಕ್ ಹಾಕಿ ಅಂತ ಕಾಲು ಒತ್ತಿದರು. ಹಲಗೆ ಕೈ ತಪ್ಪಿ, ಹಾರಿ, ಅಪ್ಪನ ಕಾಲ ಬಳಿ ಬಿತ್ತು.

"ಹಲ್ಲು ಕೆಳಗೆ!"

ಆಗ್ಲಪ್ಪ ಸ್ವಿಚ್ಚು ಆರಿಸಿ ತಿರುಗಿದ. ಡ್ರೈವರು ತಟ್ಟನೆ ಬಾಯಿಗೆ ಕೈ ಹಾಕಿ ನೋಡಿಕೊಂಡು, ನೆಲದ ಮೇಲೂ ಒಮ್ಮೆ ಹುಡುಕಿ, "ನಂದು ಇಲ್ಲೇ ಇದೆಯಲ್ಲ" ಅಂದರು.

"ನಿಮ್ಮ ಹಲ್ಲಲ್ಲ ರೀ, ಬ್ಲೇಡಿನ ಹಲ್ಲು!" ಅಪ್ಪ ಎದ್ದು ನಿಂತಿದ್ದರು. ಎಂಟು ತಿಂಗಳ ಧೂಳು ಕೂತ ಧ್ವನಿ, ಆದರೆ ಬಾಗಿಲು ಮುರಿಯುವ ಹಾಗಿತ್ತು. "ಹಲ್ಲು ಮೇಲ್ಮುಖ ಇದ್ರೆ ಹಲಗೇನ ಎತ್ತಿ ಒಗೆಯುತ್ತೆ. ಕೆಳಮುಖ ಇರ್ಬೇಕು. ಇಷ್ಟೂ ಗೊತ್ತಿಲ್ದೆ ಮೂರು ಜನ ಸೇರಿ ಒಂದು ಬಡಪಾಯಿ ಮಿಷನ್ನಿನ ಪ್ರಾಣ ತೆಗೀತಾ ಇದ್ದೀರಲ್ಲ! ಏಳಿ, ಏಳ್ರಿ ಮೇಲೆ!"

ಮೂವರೂ ಹಿಂದೆ ನೋಡದೆ ನಡೆದರು. ಆಗ್ಲಪ್ಪ ಗೋಡೆಗೆ ಒರಗಿ ಅಳತೊಡಗಿದ. ಸಂತೋಷಕ್ಕೆ ಅಷ್ಟು ಕಣ್ಣೀರು ಬರುತ್ತದೆಂದು ಅವನಿಗೇ ಗೊತ್ತಿರಲಿಲ್ಲ.

ಅಪ್ಪ ಹಳೆ ಬನಿಯನ್ನಿನ ತುಂಡಿನಿಂದ ಎಣ್ಣೆ ಒರೆಸಿದರು. ಕೆಳಗಿನ ಕ್ಲಾಂಪಿನಲ್ಲಿ ಗಂಟುಕಟ್ಟಿದ್ದ ಮರದ ಹೊಟ್ಟನ್ನು ಬ್ರಷ್ಷಿನಿಂದ ತೆಗೆದರು. ಮಿಷನ್ನಿನ ಕಾಲುಗಳ ಕೆಳಗೆ ರಬ್ಬರು ಕತ್ತರಿಸಿ ಇಟ್ಟು, ನಾಲ್ಕು ಬೋಲ್ಟುಗಳನ್ನು ಮೇಜಿಗೆ ಬಿಗಿದರು. ಬ್ಲೇಡನ್ನು ತಿರುಗಿಸಿ ಹಾಕಿ, ಒಮ್ಮೆ ಮೀಟಿ, ಸಾಕು ಅಂದರು. ಉಳಿದ ಹಲಗೆಯ ನಡುವೆ ತೂತು ಕೊರೆದು, ಬ್ಲೇಡನ್ನು ಅದರೊಳಗೆ ತೂರಿಸಿ ಮತ್ತೆ ಕಚ್ಚಿಸಿ ಸ್ವಿಚ್ಚು ಹಾಕಿದರು. ಬೆಕ್ಕು ಗುರುಗುಟ್ಟಿದಷ್ಟೇ ಸದ್ದು. ಹತ್ತೇ ನಿಮಿಷದಲ್ಲಿ ಅಂಗೈಯಗಲದ ಚೌಕಟ್ಟು ಸುತ್ತ ಬಳ್ಳಿ ಹೊತ್ತು ಹೊರಬಂತು. ಅಷ್ಟೂ ಹೊತ್ತು ಅಪ್ಪನ ಬಾಯಿ ನಿಲ್ಲಲಿಲ್ಲ.

"ಅಪ್ಪ, ಇಷ್ಟು ದಿನ ಯಾಕೆ ಮಾತಾಡ್ಲಿಲ್ಲ?"

ಅಪ್ಪ ಚೌಕಟ್ಟಿನ ಅಂಚು ಉಜ್ಜುತ್ತಲೇ ಇದ್ದರು. "ನಿಮ್ಮಮ್ಮ ದಿನಾ ನನ್ ಜೊತೆ ಜಗಳ ಆಡ್ತಿದ್ಲು ಕಣೋ. ಬೆಳಗಾದ್ರೆ ಜಗಳ, ಬೈಗಾದ್ರೆ ಜಗಳ. ಅವಳು ಹೋದ್ಲು, ಉಳಿದೋನು ನೀನು, ನಾನೇನಂದ್ರೂ ಆಗ್ಲಿ ಅನ್ನೋನು. ಗೋಡೆ ಜೊತೆ ಎಷ್ಟು ಅಂತ ಮಾತಾಡ್ಲಿ?"

ಐದಕ್ಕೆ ಸರಿಯಾಗಿ ಅಕ್ಕನ ಆಟೋ ನಿಂತಿತು. ಅವಳು ಒಳಗೆ ಬಂದದ್ದೇ ಬೈಯುತ್ತಾ. "ಬಾಗಿಲಲ್ಲೆಲ್ಲ ಎಣ್ಣೆ ಚೆಲ್ಲಿದ್ದೀರಲ್ಲ, ಬಂದೋರು ಜಾರಿ ಬೀಳ್ಲಿ ಅಂತಾನಾ?"

"ಕಣ್ಣು ಬಿಟ್ಕೊಂಡು ನಡಿ" ಅಂದರು ಅಪ್ಪ.

"ನೀನು ಸುಮ್ನಿರಪ್ಪ..." ಅಂದವಳು ನಿಂತಲ್ಲೇ ನಿಂತಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಚೌಕಟ್ಟನ್ನು ಕೈಗೆತ್ತಿಕೊಂಡು, "ಈ ಮೂಲೆ ಸೊಟ್ಟ ಇದೆ" ಅಂದಳು.

"ಸೊಟ್ಟ ಇರೋದು ನಿನ್ ಕಣ್ಣು."

"ಅಮ್ಮ ಇದ್ದಿದ್ರೆ ಇದನ್ನ ಒಲೆಗೆ ಹಾಕ್ತಿದ್ಲು."

"ಅವಳಿಗೇನ್ ಗೊತ್ತಿತ್ತು ಮರದ ವಿಷ್ಯ!"

ಕಾಲು ಗಂಟೆ ಜಗಳ ನಡೆಯಿತು. ಅಪ್ಪನ ಮುಖ ಕೆಂಪೇರಿ, ಹತ್ತು ವರ್ಷ ಕಡಿಮೆಯಾದ ಹಾಗೆ ಕಾಣುತ್ತಿತ್ತು. ಅದನ್ನು ನೋಡುತ್ತ ಆಗ್ಲಪ್ಪನ ಎದೆಯಲ್ಲಿ ಏನೋ ಅಳುಕು ಹುಟ್ಟಿತು.

"ಸರಿ, ಮಾತಂದ್ರೆ ಮಾತು" ಅಂತ ಅಕ್ಕ ಎದ್ದಳು. "ಅಪ್ಪ ಮಾತಾಡಿದ್ದಾಯ್ತು. ಇಲ್ಲೇ ಇರ್ಲಿ. ನಾನು ಹೊರಡ್ತೀನಿ."

"ಯಾರನ್ನ ಕೇಳಿ ತೀರ್ಮಾನ ಮಾಡಿದ್ರಿ?" ಅಂದರು ಅಪ್ಪ. "ನಾನೂ ಬರ್ತೀನಿ ನಡಿ. ಎಂಟು ತಿಂಗಳ ಜಗಳ ಬಾಕಿ ಇದೆ. ಈ ಮಿಷನ್ನೂ ಬರುತ್ತೆ. ಇಲ್ಲಿ ಬಿಟ್ರೆ ನಾಳೆ ಬೆಳಿಗ್ಗೆ ಆ ಮೂರೂ ಜನ ಮತ್ತೆ ಕೈ ಹಾಕ್ತಾರೆ, ಇವನು ಅವರನ್ನ ತಡೆಯಲ್ಲ."

ಅಪ್ಪ ಸ್ಪ್ಯಾನರ್ ಹಿಡಿದು ಬೋಲ್ಟುಗಳನ್ನು ಬಿಚ್ಚತೊಡಗಿದರು. ಒಂದು ಬೋಲ್ಟು ಬಂತು, ಎರಡು ಬಂತು. ಆಗ್ಲಪ್ಪನ ಒಳಗೆ ಹುಟ್ಟಿದಾಗಿನಿಂದ ಆಡದೆ ಉಳಿದಿದ್ದ ಮಾತೊಂದು ಹೊಟ್ಟೆಯಿಂದ ಎದೆಗೆ, ಎದೆಯಿಂದ ಗಂಟಲಿಗೆ ಏರತೊಡಗಿತು. ಹೋಗಬೇಡ ಅಪ್ಪ. ಜಗಳ ಬೇಕಾದರೆ ನಾನೂ ಆಡ್ತೀನಿ, ಕಲೀತೀನಿ. ಹೋಗಬೇಡ. ಮೂರನೆಯ ಬೋಲ್ಟು ಬಂತು. ಅವನು ಮುಷ್ಟಿ ಬಿಗಿದು, ಕಣ್ಣು ಮುಚ್ಚಿ, ಉಸಿರು ಎಳೆದುಕೊಂಡ.

ಅದೇ ಗಳಿಗೆಗೆ ಅಪ್ಪ ಏನೋ ನೆನಪಾದವರಂತೆ ತಲೆಯೆತ್ತಿ ಕೇಳಿದರು: "ಅಲ್ವೋ, ಈ ಮಿಷನ್ ನಿನಗೆ ಬೇಕೇನೋ?"

"ಬೇಡ!"

ಕಿಟಕಿಯ ಗಾಜು ಅದುರಿತು. ಹೆಂಡತಿ ಅಡುಗೆಮನೆಯಿಂದ ಇಣುಕಿದಳು. ಅಕ್ಕ ಬಾಯಿ ತೆರೆದು ನಿಂತಳು.

ಅಪ್ಪ ಸ್ಪ್ಯಾನರ್ ಕೆಳಗಿಟ್ಟು ಎದ್ದು ಬಂದರು. ಎಣ್ಣೆಗೈಯನ್ನು ಮಗನ ಹೆಗಲ ಮೇಲಿಟ್ಟರು. ಅವರ ಕಣ್ಣು ತುಂಬಿತ್ತು.

"ಹುಟ್ಟಿದ ಮೇಲೆ ಮೊದಲ ಸಲ ಒಂದು ಮಾತು ಗಟ್ಟಿಯಾಗಿ ಹೇಳ್ದೆ ಕಣೋ. ಇನ್ನು ನಿನ್ನ ಚಿಂತೆ ಇಲ್ಲ ನನಗೆ. ನೆಮ್ಮದಿಯಾಗಿ ಹೋಗ್ತೀನಿ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಾನು ಬೇಡ ಅಂದದ್ದು ಯಾವುದನ್ನು ಎಂದು ಬಿಡಿಸಿ ಹೇಳಲು ಅವನು ಬಾಯಿ ತೆರೆದ. ಆ ತುಂಬಿದ ಕಣ್ಣುಗಳ ಮುಂದೆ, ಈಗ ತಾನೇ ಕೊಟ್ಟ ಆ ಸಂತೋಷವನ್ನು ವಾಪಸು ಕಿತ್ತುಕೊಳ್ಳುವುದು ಹೇಗೆ? ಕೆಳಗಿಟ್ಟಿದ್ದ ಸ್ಪ್ಯಾನರ್ ಎತ್ತಿಕೊಂಡು ನಾಲ್ಕನೆಯ ಬೋಲ್ಟು ಬಿಚ್ಚಿದ. ಮಿಷನ್ನಿನ ಒಂದು ತುದಿಯನ್ನು ತಾನೇ ಹಿಡಿದು ಆಟೋದವರೆಗೆ ಹೊತ್ತ.

ಅಪ್ಪ ಮಿಷನ್ನನ್ನು ಕಾಲ ಬಳಿ ಇಟ್ಟುಕೊಂಡು, ಅದರ ತೋಳನ್ನು ಹಿಡಿದು ಕೂತರು. ಅಕ್ಕ ಪಕ್ಕದಲ್ಲಿ ಕೂತು, ಕಾಲಿಡಲು ಜಾಗವಿಲ್ಲ ಎಂದು ಶುರು ಮಾಡಿದಳು. ಆಟೋ ಬೀದಿಯ ತಿರುವು ದಾಟುವವರೆಗೂ ಅಪ್ಪನ ಧ್ವನಿ ಕೇಳುತ್ತಲೇ ಇತ್ತು. ಏನು ಹೇಳುತ್ತಿದ್ದರೆಂಬುದು ಮಾತ್ರ ಅವನಿಗೆ ತಿಳಿಯಲಿಲ್ಲ.