ಮಿಂಚಿನ ಏಳು ತಲೆಮಾರು

ನಮ್ಮ ದೊಡ್ಡಪ್ಪನಿಗೆ ತಮ್ಮ ಪಾರಿವಾಳಗಳ ಏಳು ತಲೆಮಾರು ಬಾಯಿಪಾಠ. ಸ್ವಂತ ತಾತನ ಹೆಸರು ಮಾತ್ರ ನೆನಪಿರುತ್ತಿರಲಿಲ್ಲ. ಉತ್ಪ್ರೇಕ್ಷೆ ಅಂದುಕೊಂಡಿರಾ? ಒಂದು ಸಲ ತಿಥಿಯ ದಿನ ಪುರೋಹಿತರು ಹಿರಿಯರ ಹೆಸರು ಕೇಳಿದರು. ದೊಡ್ಡಪ್ಪ ತಡವರಿಸದೆ, "ಕೆಂಚ, ಅವನಪ್ಪ ಬೂದಿಗಣ್ಣ" ಎಂದುಬಿಟ್ಟರು! ಪುರೋಹಿತರಿಗೆ ಅನುಮಾನ ಬಂತು.

"ಬೂದಿಗಣ್ಣನವರು ಹೇಗೆ ತೀರಿಕೊಂಡರು?"

"ಹದ್ದು ಎತ್ಕೊಂಡೋಯ್ತು ಸ್ವಾಮಿ."

ನಾನು ಬೆಚ್ಚಿಬಿದ್ದೆ. ಪುರೋಹಿತರು ಎದ್ದು ಹೊರಟೇಹೋದರು.

ಹಾರುವ ದಮ್ಮು ತಾಯಿಯಿಂದ, ದಿಕ್ಕಿನ ಅರಿವು ತಂದೆಯಿಂದ ಬರುತ್ತದೆ ಎಂಬುದು ದೊಡ್ಡಪ್ಪನ ಸಿದ್ಧಾಂತ. ಹಾಗಾಗಿ ಹೊಸಕೋಟೆಯ ನಮ್ಮ ಮಾಳಿಗೆಯ ಮೇಲೆ ವಂಶ ನೋಡದೆ ಒಂದು ಹಕ್ಕಿಗೂ ಜೋಡಿ ಕಟ್ಟುತ್ತಿರಲಿಲ್ಲ. ಎಲ್ಲವೂ ಒಂದು ದಪ್ಪ ಪುಸ್ತಕದಲ್ಲಿ ಬರೆದಿತ್ತು. ಅದರಲ್ಲಿ ಏಳು ತಲೆಮಾರಿನ ಹಿರಿಯರ ಸಮೇತ ಮಿಂಚು ಎಂಬ ಹೆಣ್ಣುಹಕ್ಕಿಯದೇ ಮೊದಲ ಪುಟ. ಆಗ ಎರಡನೇ ಮಹಾಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಗ್ಯಾಸಿನಿಂದ ಓಡುತ್ತಿದ್ದವು. ಮಿಂಚನ್ನು ಬುಟ್ಟಿಯಲ್ಲಿಟ್ಟು ಕಂಡಕ್ಟರ್ ಕೈಯಲ್ಲಿ ಮುಳಬಾಗಿಲಿಗೆ ಕಳಿಸಿ ಅಲ್ಲಿ ಹಾರಿಬಿಡಿಸಿದರೆ, ಅವನು ವಾಪಸು ಬರುವಷ್ಟರಲ್ಲಿ ಅದು ಮನೆ ಸೇರಿ, ಕಾಳು ತಿಂದು, ಒಂದು ನಿದ್ದೆಯನ್ನೂ ಮುಗಿಸಿರುತ್ತಿತ್ತು.

ಇಷ್ಟು ವಂಶದ ಹುಚ್ಚಿನ ಮನುಷ್ಯ ನನ್ನನ್ನು ತಂದದ್ದು ಎಲ್ಲಿಂದ ಗೊತ್ತೇ? ಸಂತೆಯಿಂದ. ಎರಡು ವರ್ಷದ ನಾನು ಸೊಪ್ಪಿನ ರಾಶಿಯ ಪಕ್ಕ ಅಳುತ್ತಿದ್ದೆನಂತೆ. ಕತ್ತಲಾಗುವವರೆಗೂ ಯಾರೂ ಕೇಳಿಕೊಂಡು ಬರಲಿಲ್ಲವಂತೆ. ನಾನು 'ಅಪ್ಪ' ಎಂದರೆ ಬಿಡುತ್ತಿರಲಿಲ್ಲ. "ಸುಳ್ಳು ವಂಶ ಕಟ್ಬಾರ್ದಮ್ಮ, ದೊಡ್ಡಪ್ಪ ಅನ್ನು" ಎನ್ನುತ್ತಿದ್ದರು. ನನಗೆ ಒಳಗೊಳಗೇ ಸಿಟ್ಟು.

ನನ್ನನ್ನು ನೋಡಲು ದೇವನಹಳ್ಳಿಯಿಂದ ಗಂಡಿನವರು ಬಂದರು. ಹುಡುಗ ನನಗೆ ಹಿಡಿಸಿದ್ದ, ಮುಚ್ಚಿಡುವುದೇಕೆ? ಹುಡುಗನ ತಂದೆಯೂ ಪಾರಿವಾಳದವರೇ. ಅವರ ಹಕ್ಕಿಗಳು ಹಾರಾಟದ ಪಂದ್ಯದಲ್ಲಿ ಮೂರು ಸಲ ಮಿಂಚಿನ ಎದುರು ಸೋತಿದ್ದವು. ಅವರು ನನ್ನನ್ನು ನೋಡಿದ್ದಕ್ಕಿಂತ ಹೆಚ್ಚು ಹೊತ್ತು ಪುಸ್ತಕವನ್ನೇ ನೋಡಿದರು.

"ಮಿಂಚಿನ ವಂಶದ ಮರಿ ಒಂದು ಜೊತೆ ಬೇಕು ಯಜಮಾನ್ರೇ. ಏಳು ತಲೆಮಾರೂ ಚೊಕ್ಕವಾಗಿದೆ. ಆದ್ರೆ ಹುಡುಗೀಗೆ ಒಂದು ತಲೆಮಾರೂ ಇಲ್ವಲ್ಲ. ಸಂಬಂಧ ಬೇಡ ಬಿಡಿ."

ನಾನು ಕಾಫಿ ತಟ್ಟೆಯನ್ನು ಅವರ ಮುಂದಿಟ್ಟು ಹಿಂದೆ ಸರಿದೆ. ದೊಡ್ಡಪ್ಪ ಪುಸ್ತಕವನ್ನು ಎಳೆದುಕೊಂಡರು.

"ಮಿಂಚಿನ ಅಪ್ಪ ಯಾರೋ, ಅವ್ವ ಯಾರೋ ನಂಗೂ ಗೊತ್ತಿಲ್ಲ. ಹಳೇ ಕೋಟೆಗೋಡೆ ಬಿರುಕಲ್ಲಿ ಮೊಟ್ಟೆ ಸಿಕ್ತು. ಬೇರೆ ಹಕ್ಕಿ ಕೆಳಗಿಟ್ಟು ಕಾವು ಕೊಡಿಸ್ದೆ. ಪುಸ್ತಕ ನೋಡೋಕೆ ಊರೂರಿಂದ ಜನ ಬರೋರು, ಖಾಲಿ ಹಾಳೆ ತೋರ್ಸೋಕೆ ನಾಚ್ಕೆ ಆಯ್ತು. ಏಳು ತಲೆಮಾರೂ ನಾನೇ ಕಟ್ಟಿದ್ದು."

ಸಿಡಿಲು ಬಡಿದಂತಾಯಿತು ನನಗೆ. ಇಪ್ಪತ್ತು ವರ್ಷದ ಹೆಸರನ್ನು ದೊಡ್ಡಪ್ಪ ಒಂದೇ ಉಸಿರಿಗೆ ಕಳೆದುಕೊಂಡಿದ್ದರು!

"ನಿಮ್ಮ ಹಕ್ಕಿಗಳ್ನ ಮೂರು ಸಲ ಸೋಲಿಸಿದ್ದು ಅದೇ" ಎಂದರು ಮೆಲ್ಲಗೆ. "ಅದನ್ನ ಸಾಕಿದ್ದು ನಾನು. ಇವಳನ್ನ ಸಾಕಿದ್ದೂ ನಾನೇ."

ಹುಡುಗನ ತಂದೆ ತಣ್ಣಗಾದ ಕಾಫಿಯನ್ನು ಪೂರ್ತಿ ಕುಡಿದರು.

"ಲಗ್ನ ಯಾವಾಗ ಇಟ್ಕೊಳ್ಳೋಣ?" ಎಂದರು.

ಅವರು ಹೋದ ಮೇಲೆ ಮಾಳಿಗೆ ಹತ್ತಿದೆ. ದೊಡ್ಡಪ್ಪ ಮಿಂಚಿನ ಪುಟದ ಹೆಸರುಗಳನ್ನು ಒಂದೊಂದಾಗಿ ಹೊಡೆದುಹಾಕುತ್ತಿದ್ದರು. ತಲೆಯೆತ್ತಲಿಲ್ಲ.

"ಇನ್ನೊಂದೇ ಒಂದು ಸುಳ್ಳು ಬರಿಸ್ಲೇನಮ್ಮ? ಲಗ್ನಪತ್ರಿಕೇಲಿ ನಿನ್ನ ತಂದೆ ಅಂತ ನನ್ನ ಹೆಸರು?"

ನನಗೆ ಅಳು ಬಂತು.

"ಬರಿಸು, ಅಪ್ಪಾ" ಎಂದೆ.