ಗಂಡನೆಂಬುದಕ್ಕೆ ಮುದ್ರೆ

ಮದುವೆಯಾಗಿ ಹದಿನಾರು ವರ್ಷವಾದ ಮೇಲೆ, ತಾನು ಪುಷ್ಪಲತಾಳ ಗಂಡನೆಂದು ಸರ್ಕಾರಕ್ಕೆ ರುಜುವಾತು ಮಾಡಬೇಕಾಗಿ ಬಂದದ್ದು ದಬ್ಬೇಘಟ್ಟದ ರಂಗರಾಜುವಿಗೆ ಅವಮಾನವೆನಿಸಬೇಕಿತ್ತು. (ಮನೆಯೊಳಗೆ ಆ ರುಜುವಾತು ಇನ್ನೂ ಬಾಕಿಯೇ ಇತ್ತು, ಅದು ಬೇರೆ ಮಾತು.) ಆದರೆ ಅವನಿಗೆ ಖುಷಿಯಾಯಿತು.

ಪುಷ್ಪಲತಾ ತುರುವೇಕೆರೆಯಲ್ಲಿ ನರ್ಸು. ಒಗ್ಗರಣೆ ಹಾಕುತ್ತಲೇ ಫೋನಿನಲ್ಲಿ ಜರ್ಮನ್ ಕಲಿತು, ಜರ್ಮನಿಯ ಆಸ್ಪತ್ರೆಯೊಂದರಲ್ಲಿ ಕೆಲಸ ಹಿಡಿದಿದ್ದಳು. ಎರಡು ವರ್ಷ ಒಬ್ಬಳೇ ಹೋಗಿಬರುತ್ತೇನೆ ಎಂದಿದ್ದಳು. ಅಂದಿನಿಂದ ರಂಗರಾಜುವಿಗೆ ಊಟ ಸೇರುತ್ತಿರಲಿಲ್ಲ. ತೆಂಗಿನ ಬುಡಕ್ಕೆ ನೀರು ಬಿಟ್ಟು, ಅದು ಪಕ್ಕದ ತೋಟಕ್ಕೆ ಹರಿದರೂ ಸುಮ್ಮನೆ ಕೂತಿರುತ್ತಿದ್ದ.

ಹೀಗಿರುವಾಗ ಒಂದು ಬೆಳಗ್ಗೆ ಅವಳು, "ರೀ, ನಮ್ಮ ಮದುವೆ ಸರ್ಟಿಫಿಕೇಟ್ ಬೇಕಂತೆ. ಅದು ಅಲ್ಲಿ ನಡೀಬೇಕಂದ್ರೆ ಬೆಂಗ್ಳೂರಲ್ಲಿ ಮುದ್ರೆ ಹಾಕ್ಸಬೇಕು," ಎಂದಳು.

ಮದುವೆಯ ಕಾಗದ ಕೇಳುತ್ತಾರೆಂದರೆ ಗಂಡನನ್ನೂ ಕರೆಸಿಕೊಳ್ಳುತ್ತಾರೆ ಎಂದೇ ಅವನು ತಿಳಿದ. ಬಾಯಿಬಿಟ್ಟು ಕೇಳಲಿಲ್ಲ, ಇಲ್ಲವೆಂದುಬಿಟ್ಟರೆ ಎಂಬ ಭಯ. "ನಂಗೆ ಬುಡು, ನಾನ್ ಮಾಡಿಸ್ತೀನಿ," ಎಂದ.

ಮದುವೆ ನೋಂದಣಿಯೇ ಆಗಿರಲಿಲ್ಲ. ಲಗ್ನಪತ್ರಿಕೆ, ಧಾರೆಯ ಫೋಟೋ ಹುಡುಕಿ, ಪಕ್ಕದ ತೋಟದ ಶ್ರೀರಂಗಯ್ಯನನ್ನು ಸಾಕ್ಷಿಗೆ ಕರೆದುಕೊಂಡು ಗಂಡಹೆಂಡಿರು ತುರುವೇಕೆರೆಯ ನೋಂದಣಿ ಕಚೇರಿಗೆ ಹೋದರು. ಗುಮಾಸ್ತ ಫೋಟೋವನ್ನೂ ರಂಗರಾಜುವಿನ ಬೋಳುತಲೆಯನ್ನೂ ನೋಡಿ, "ಇದು ನೀವೇನಾ?" ಎಂದ.

"ಇವನೇ ಕಣಪ್ಪ," ಎಂದ ಶ್ರೀರಂಗಯ್ಯ. "ಅವತ್ತೂ ಹಿಂಗೇ ಹೆದರ್ಕೊಂಡ್ ನಿಂತಿದ್ದ."

ಸರ್ಟಿಫಿಕೇಟ್ ಬಂತು. ಅಂಥ ಅಮೂಲ್ಯ ದಸ್ತಾವೇಜು ಬಸ್ಸಿನಲ್ಲಿ ಮುದುರಬಾರದೆಂದು ರಂಗರಾಜು ಲ್ಯಾಮಿನೇಷನ್ ಮಾಡಿಸಿದ. ಬೆಂಗಳೂರಿನ ಕೌಂಟರಿನಾಕೆ ಅದನ್ನು ಉಗುರಿನಿಂದ ತಟ್ಟಿ, "ಪ್ಲಾಸ್ಟಿಕ್ ಮೇಲೆ ಮುದ್ರೆ ಕೂರಲ್ಲ, ಹೊಸದು ತನ್ನಿ," ಎಂದು ವಾಪಸ್ ಕೊಟ್ಟಳು.

ಮನೆಯಲ್ಲಿ ಪುಷ್ಪಲತಾ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು. "ನಾನು ಹೋಗ್ಬಾರ್ದು ಅಂತ ಬೇಕೂಂತ ಮಾಡಿದ್ರಾ?" ಎಂದು ಕೇಳಿದಳು.

"ಇಲ್ಲ ಕಣೇ. ಹಾಳಾಗ್ದೆ ಇರ್ಲಿ ಅಂತ."

ಮತ್ತೆ ತುರುವೇಕೆರೆ, ಮತ್ತೆ ಬೆಂಗಳೂರು. ನಾಲ್ಕನೇ ಸಲಕ್ಕೆ ರಾಜ್ಯದ ಮುದ್ರೆಯೂ ಬಿತ್ತು, ದೆಹಲಿಯ ವಿದೇಶಾಂಗ ಇಲಾಖೆಯ ಚೀಟಿಯೂ ಅಂಟಿತು. ರೈಲಿನಲ್ಲಿ ತಿಪಟೂರಿಗೆ ಬಂದಿಳಿದ ರಂಗರಾಜು ಅಂಗಡಿಯೊಂದನ್ನು ಹೊಕ್ಕು, ಕಂಕುಳಲ್ಲಿ ಪೊಟ್ಟಣವೊಂದನ್ನು ಅವುಚಿಕೊಂಡು ಮನೆ ಸೇರಿದ.

ಪುಷ್ಪಲತಾ ಕಾಗದವನ್ನು ಫೈಲಿಗೆ ಸೇರಿಸಿದಳು. "ಇದೊಂದೇ ಅಡ್ಡ ಇತ್ತು ನೋಡಿ. ನರ್ಸಿಂಗ್ ಸರ್ಟಿಫಿಕೇಟಲ್ಲಿ ನಾನು ಪುಷ್ಪಲತಾ ಗಿಡ್ಡಯ್ಯ, ನಮ್ಮಪ್ಪನ ಹೆಸ್ರು. ಪಾಸ್‌ಪೋರ್ಟಲ್ಲಿ ಪುಷ್ಪಲತಾ ರಂಗರಾಜು. ಇಬ್ರೂ ಒಬ್ಳೇ ಅಂತ ತೋರ್ಸೋಕೆ ಈ ಕಾಗ್ದ ಬೇಕಿತ್ತು."

"ಅಷ್ಟೇನಾ?"

"ಮತ್ತೇನು?" ಅವಳ ಕಣ್ಣು ಪೊಟ್ಟಣದ ಮೇಲೆ ಬಿತ್ತು. "ಅದೇನ್ರೀ?"

"ಸ್ವೆಟರು," ಎಂದ ರಂಗರಾಜು. ಪೊಟ್ಟಣವನ್ನು ಅವಳ ಕಡೆಗೆ ಚಾಚಿ, "ಅಲ್ಲಿ ಚಳಿಯಂತಲ್ಲ. ನಿಂಗೇ ತಂದೆ," ಎಂದ.

ಅವಳು ತೊಟ್ಟು ನೋಡಿದಳು. ಎರಡು ಕೈಯೂ ತೋಳಿನೊಳಗೆ ಮುಳುಗಿಹೋದವು, ಇನ್ನೊಬ್ಬರಿಗೆ ಜಾಗವಿತ್ತು. ಅವನ ಮುಖವನ್ನೊಮ್ಮೆ ನೋಡಿದಳು. ಬಿಚ್ಚಿ, ಮಡಿಸಿ, ಸೂಟ್‌ಕೇಸಿನಲ್ಲಿ ತನ್ನ ಸೀರೆಗಳ ಮೇಲೆ ಇಟ್ಟುಕೊಂಡಳು.