ಖಾಲಿ ಕುರ್ಚಿಯ ಹಿಂದೆ ಕ್ಯಾಮೆರಾ

ಹೊಳೆನರಸೀಪುರದ ಯೋಗಾನರಸಿಂಹ ಮೇಷ್ಟ್ರು ಉಪ್ಪಿಟ್ಟಿನ ತಟ್ಟೆ ಮುಂದಿಟ್ಟುಕೊಂಡೇ ಘೋಷಿಸಿಬಿಟ್ಟರು: ಹೆಂಡತಿ ಚಿತ್ರ ಬರೆಯುವುದರ ಮೇಲೆ ತಾವೊಂದು ಕಿರು ಸಾಕ್ಷ್ಯಚಿತ್ರ ತೆಗೆಯುವವರೇ, ಹಾಸನದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಹೊಡೆಯುವವರೇ!

"ತೆಗೀರಿ," ಅಂದಳು ಸರಸ. "ಕಣ್ಣು ಬರೆಯೋವಾಗ ಮಾತ್ರ ಒಳಗೆ ಬರಬೇಡಿ."

ಸರಸ ಬರೆಯುವುದು ತೀರಿಕೊಂಡವರ ಚಿತ್ರ. ಕಣ್ಣು ಕೊನೆಗೆ. ಆಗ ಎದುರಿಗೊಂದು ಖಾಲಿ ಕುರ್ಚಿ ಇರಬೇಕು, ಬಾಗಿಲು ಮುಚ್ಚಿರಬೇಕು. ಅವಳಪ್ಪ ಕಲಿಸಿಕೊಟ್ಟ ಪದ್ಧತಿ.

ಈ ಸಲ ಅರಕಲಗೂಡು ಕಡೆಯ ಲಕ್ಕಯ್ಯನ ಸರದಿ. ನಾಳೆ ತಿಥಿ, ಹಾರ ಹಾಕಲು ಮುಖವಿಲ್ಲ. ಮಗ ಗುಂಡಯ್ಯನ ಮೊಬೈಲಿನಲ್ಲಿ ಬುಲೆಟ್ಟಿನ ಫೋಟೋ ಇದೆ, ಬಿರಿಯಾನಿಯ ಫೋಟೋ ಇದೆ, ನಾಯಿಯ ಹುಟ್ಟುಹಬ್ಬದ್ದೂ ಇದೆ, ಹೆತ್ತಪ್ಪನದೊಂದಿಲ್ಲ. ಸತ್ತ ಮೇಲೆ ಊರಿಗೇ ಊಟ ಹಾಕುವ ಜನಕ್ಕೆ, ಬದುಕಿದ್ದಾಗ ಒಂದು ಸಲ ಬೆರಳೊತ್ತಲು ಬಿಡುವಾಗಲಿಲ್ಲ. "ಮೂಗು ನಂದೇಯ ಕಣಮ್ಮ, ಗಲ್ಲ ನಮ್ಮ ಸೋದರತ್ತೇದು. ಇನ್ನೇನೋ ಯೇಳ್ಬೇಕಿತ್ತು, ಮರ್ತೋಯ್ತು," ಎಂದು ಹೋಗಿದ್ದ.

ಮೇಷ್ಟ್ರು ಮೊದಲೇ ಒಳಹೊಕ್ಕು, ಖಾಲಿ ಕುರ್ಚಿಯ ಹಿಂದಿನ ಪರದೆಯ ಮರೆಯಲ್ಲಿ ಅಡಗಿ ಕೂತರು. ಸಂದಿಯಲ್ಲಿ ಎರವಲು ಕ್ಯಾಮೆರಾ. ಬಲಗಣ್ಣು ಅದರ ಕಿಂಡಿಗೆ, ಎಡಗಣ್ಣು ಮುಚ್ಚಿ. ಕಿಂಡಿಯಲ್ಲಿ ಕಂಡದ್ದು ಖಾಲಿ ಕುರ್ಚಿ, ಅದರಾಚೆ ಸರಸ.

ಸರಸ ತಲೆಯೆತ್ತಿದಳು. "ಸ್ವಲ್ಪ ನೆಟ್ಟಗೆ ಕೂತ್ಕೊಳ್ಳಿ."

ಸಿಕ್ಕಿಬಿದ್ದೆನೆಂದು ಬೆವೆತರೂ ಮೇಷ್ಟ್ರು ನೆಟ್ಟಗಾದರು. ಆಶ್ಚರ್ಯ, ಬೈಗುಳ ಬರಲಿಲ್ಲ. ರೂಮಿನ ತುಂಬ ಬೀಡಿಯ ವಾಸನೆ. ಆ ಮನೆಯಲ್ಲಿ ಬೀಡಿ ಸೇದುವವರು ಯಾರೂ ಇಲ್ಲ.

ಚಿತ್ರ ಮುಗಿದಾಗ ಮೇಷ್ಟ್ರು ಪರದೆ ಸರಿಸಿ ಬಂದು ನೋಡಿದರು. ಲಕ್ಕಯ್ಯನ ಎಡಗಣ್ಣು ಅರೆಮುಚ್ಚಿತ್ತು.

"ಕೆಟ್ಟಿತು ಕಣೇ! ಎದುರಿಗೆ ನಾನಿದ್ದೆ, ನನ್ನ ಕಣ್ಣೇ ಬಂದ್ಬಿಟ್ಟಿದೆ. ಅಳಿಸು."

ಅಷ್ಟರಲ್ಲಿ ಗುಂಡಯ್ಯ ಬಂದ. ಚಿತ್ರ ನೋಡಿದವನೇ ಹೊಸ್ತಿಲ ಮೇಲೆ ಕುಸಿದ. "ಅಪ್ಪ ಇಂಗೇ ನೋಡೋದು ಕಣಮ್ಮ. ಭತ್ತ ಬಡಿಯೋವಾಗ ಎಡಗಣ್ಗೆ ಪೆಟ್ಟಾಗಿತ್ತು. ಯೇಳೋದು ಮರ್ತಿದ್ದು ಅದೇಯ."

ಮೇಷ್ಟ್ರಿಗೆ ಜಂಭ ವಾಪಸು ಬಂತು. "ಅದು ನನ್ನ ಕಣ್ಣಪ್ಪಾ. ಬೇಕಾದ್ರೆ ನೋಡು, ಸಾಕ್ಷಿ ಇದೆ," ಎಂದು ಕ್ಯಾಮೆರಾ ತಿರುಗಿಸಿದರು.

ಫಿಲಂ ಪೂರ್ತಿ ಸರಸ ಕಾಣಲೇ ಇಲ್ಲ. ಅಡ್ಡಲಾಗಿ ಯಾರದೋ ಬೆನ್ನು, ತಲೆಗೆ ಸುತ್ತಿದ ಟವಲು. "ನೆಟ್ಟಗೆ ಕೂತ್ಕೊಳ್ಳಿ" ಎಂಬ ದನಿ ಕೇಳಿದ್ದೇ ತಡ, ಬೆನ್ನು ನೆಟ್ಟಗಾಯಿತು.

ಗುಂಡಯ್ಯ ಆ ಬೆನ್ನಿಗೇ ಕೈಮುಗಿದ. ಮೇಷ್ಟ್ರು ತಿರುಗಿ ಖಾಲಿ ಕುರ್ಚಿ ನೋಡಿದರು.

ಸರಸ ಬ್ರಶ್ಶು ತೊಳೆಯುತ್ತ ಅಂದಳು: "ಅಡ್ಡ ಕೂತವರಿಗೆ ಸ್ವಲ್ಪ ಪಕ್ಕಕ್ಕೆ ಸರೀರಿ ಅನ್ನೋದು ಸಿನಿಮಾ ತೆಗೆಯೋರ ಕೆಲಸ ರೀ. ನನಗೆ ಅವರ ಮುಖ ಚೆನ್ನಾಗೇ ಕಾಣ್ತಿತ್ತು."